ಗಾಡಿಯಲ್ಲಿ ಏನೂ ದೋಷವಿಲ್ಲ

ಮೂರನೆಯ ಸಲವೂ ಕಾರು ನನ್ನ ಕೈಗೆ ಬಂದ ಕೂಡಲೇ ಸ್ಟಾರ್ಟ್ ಆಯಿತು. ನನ್ನ ಭಾವಮೈದನ ಮೇಲೆ ನನಗೆ ಅನುಮಾನ ಶುರುವಾದದ್ದು ಆವತ್ತು. ಅಲ್ಲ, ಸುಳ್ಳು ಯಾಕೆ ಹೇಳಲಿ? ಅನುಮಾನ ಮೊದಲ ಸಲವೇ ಬಂದಿತ್ತು. ಮೂರನೆಯ ಸಲಕ್ಕೆ ಅದು ಗಟ್ಟಿಯಾಯಿತು.

ಅವನು ಫೋನ್ ಮಾಡಿದಾಗ ಮಧ್ಯಾಹ್ನ ಎರಡು ಗಂಟೆ. ನಾನು ಆಗಷ್ಟೇ ಕೈ ತೊಳೆದು ತಟ್ಟೆಯ ಮುಂದೆ ಕೂತಿದ್ದೆ.

"ಭಾವ, ಮತ್ತೆ ಕೈಕೊಡ್ತು. ಕೀ ತಿರುಗಿಸಿದ್ರೆ ಕಟಕ್ ಅನ್ನುತ್ತೆ, ಅಷ್ಟೇ. ಡಾಕ್ಟ್ರಮ್ಮ ಕ್ಲಿನಿಕ್‌ಗೆ ಹೋಗ್ಬೇಕು, ಬಾಗಿಲಲ್ಲೇ ನಿಂತಿದ್ದಾರೆ."

ತಟ್ಟೆ ಹಾಗೇ ಬಿಟ್ಟು, ಸ್ಕೂಟರ್ ಹತ್ತಿ, ಅರ್ಧ ಊರು ದಾಟಿ ಹೋದೆ. ಅವನು ಬಾನೆಟ್ ಎತ್ತಿಕೊಂಡು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಬ್ಯಾಟರಿಯ ಟರ್ಮಿನಲ್ ಎರಡನ್ನೂ ಅಲ್ಲಾಡಿಸಿ ನೋಡಿದೆ, ಬಿಗಿಯಾಗಿದ್ದವು. ಸರಿ ಅಂತ ಸೀಟಿನಲ್ಲಿ ಕೂತು ಕೀ ತಿರುಗಿಸಿದೆ. ಒಂದೇ ಸಲಕ್ಕೆ ಗುರ್ ಎಂದಿತು.

"ಎಲ್ಲಯ್ಯಾ ನಿನ್ನ ಕಟಕ್?" ಎಂದೆ.

"ದೇವರಾಣೆ ಭಾವ, ಹತ್ತು ಸಲ ತಿರುಗಿಸಿದೆ."

"ಕುಣಿಯೋಕೆ ಬರ್ದವಳು ನೆಲ ಡೊಂಕು ಅಂದಳಂತೆ" ಎಂದು ಗೊಣಗಿ ನಾನು ವಾಪಸು ಬಂದೆ. ಊಟ ತಣ್ಣಗಾಗಿತ್ತು, ನಾನು ಬಿಸಿಯಾಗಿದ್ದೆ.

ಈ ಭಾವಮೈದ ನನ್ನ ಹೆಂಡತಿಯ ಒಬ್ಬನೇ ತಮ್ಮ. ಇಪ್ಪತ್ತರ ವಯಸ್ಸಿನಲ್ಲಿ ಲಾರಿ ಓಡಿಸುತ್ತಿದ್ದಾಗ ಟ್ಯಾಂಕಿನಿಂದ ಡೀಸೆಲ್ ಇಳಿಸಿ ಸಿಕ್ಕಿಬಿದ್ದಿದ್ದ. ಆಮೇಲೆ ಅವನನ್ನು ಯಾರೂ ಸ್ಟೀರಿಂಗ್ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಆರು ವರ್ಷದ ಹಿಂದೆ ಹಲ್ಲಿನ ಡಾಕ್ಟ್ರಮ್ಮನಿಗೆ ಡ್ರೈವರ್ ಬೇಕು ಅಂತಾದಾಗ, ಹೆಂಡತಿಯ ಕಾಟ ತಡೆಯಲಾರದೆ ನಾನೇ ಕರೆದುಕೊಂಡು ಹೋಗಿ ನಿಲ್ಲಿಸಿದ್ದೆ. "ಇವನ ಜವಾಬ್ದಾರಿ ನನ್ನದು ಡಾಕ್ಟ್ರಮ್ಮ" ಎಂದಿದ್ದೆ. ಆ ಮಾತು ಆಡಿದ ದಿನದಿಂದ ಒಂದು ಕಣ್ಣು ಗಾಡಿಗಳ ಮೇಲಿದ್ದರೆ ಇನ್ನೊಂದು ಕಣ್ಣು ಅವನ ಮೇಲೆ. ಆರು ವರ್ಷದಲ್ಲಿ ಅವನು ಒಂದು ಹನಿ ಪೆಟ್ರೋಲ್ ಮುಟ್ಟಿರಲಿಲ್ಲ, ಬೀಡಿ ಬಿಟ್ಟಿದ್ದ, ಡಾಕ್ಟ್ರಮ್ಮನ ಇಪ್ಪತ್ತೆರಡು ವರ್ಷದ ಹಳೇ ಕಾರನ್ನು ಮಗುವಿನಂತೆ ಒರೆಸಿ ಇಡುತ್ತಿದ್ದ. ಆದರೂ ನನ್ನ ಕಣ್ಣು ರೆಪ್ಪೆ ಹಾಕಿರಲಿಲ್ಲ.

ಈಗ ನೋಡಿ, ಎರಡು ತಿಂಗಳಿಂದ ಈ ಕಾರು ಆಗಾಗ ಸ್ಟಾರ್ಟ್ ಆಗುವುದಿಲ್ಲ. ಬೆಳಿಗ್ಗೆ ಡಾಕ್ಟ್ರಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಸ್ಟಾರ್ಟ್ ಆಗುತ್ತದೆ. ಮಧ್ಯಾಹ್ನ ಅವರು ಸ್ವಂತ ಕ್ಲಿನಿಕ್ಕಿಗೆ ಹೊರಡುವಾಗ ನಿಲ್ಲುತ್ತದೆ. ಅವನು ಕೂತರೆ ನಿಲ್ಲುತ್ತದೆ, ನಾನು ಕೂತರೆ ಓಡುತ್ತದೆ. ಗಾಡಿಗೆ ಹೊತ್ತು ಗೊತ್ತಾಗುತ್ತದೆಯೇ? ಕೂತವರ ಮುಖ ಗೊತ್ತಾಗುತ್ತದೆಯೇ? ಮೂವತ್ತೈದು ವರ್ಷ ಗಾಡಿ ರಿಪೇರಿ ಮಾಡಿದವನು ನಾನು. ಇಂಥದ್ದೆಲ್ಲ ಗೊತ್ತಾಗುವುದು ಮನುಷ್ಯರಿಗೆ ಮಾತ್ರ.

ಹಾಗಂತ ಗಾಡಿ ನೋಡಲಿಲ್ಲ ಎಂದಲ್ಲ. ಗ್ಯಾರೇಜಿಗೆ ತರಿಸಿ ಬ್ಯಾಟರಿ ಬದಲಾಯಿಸಿದೆ. ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರ್ ಬಿಚ್ಚಿ ಒಳಗಿನ ಬ್ರಷ್ ಹೊಸದು ಹಾಕಿದೆ. ಕೀ ಹಾಕುವ ಸ್ವಿಚ್ಚನ್ನೂ ಬಿಡಲಿಲ್ಲ. ಕೆಳಗಡೆ ಗೇರ್‌ಬಾಕ್ಸ್ ಕಡೆ ಮಾತ್ರ ನೋಡಲಿಲ್ಲ, ಯಾಕೆಂದರೆ ಎರಡು ತಿಂಗಳ ಹಿಂದೆ ನಾನೇ ಅದನ್ನು ಇಳಿಸಿ, ಹೊಸ ಕ್ಲಚ್ ಹಾಕಿ, ಮೇಲೆ ಕೂರಿಸಿದ್ದೆ. ನಾನು ಮಾಡಿದ ಕೆಲಸವನ್ನು ನಾನೇ ಯಾಕೆ ಪರೀಕ್ಷೆ ಮಾಡಲಿ?

ಗ್ಯಾರೇಜಿನಲ್ಲಿ ಅವನು ನನ್ನ ಹಿಂದೆ ಹಿಂದೆ ಸುತ್ತುತ್ತಿದ್ದ.

"ಭಾವ, ಎಕ್ಸಿಲೇಟರ್ ಸ್ವಲ್ಪ ಬಿಗಿ ಅನ್ಸುತ್ತೆ."

"ಮಂಡಿಗೆ ಎಣ್ಣೆ ಹಚ್ಕೊ."

"ಒಂದೊಂದ್ಸಲ ಸುಟ್ಟ ವಾಸನೆ ಬರುತ್ತೆ ಭಾವ, ಪ್ಲಾಸ್ಟಿಕ್ ಸುಟ್ಟ ಹಾಗೆ."

ನಾನು ಕಾರಿನೊಳಗೆ ತಲೆ ಹಾಕಿ ಮೂಸಿದೆ. ಹೌದು, ಸುಟ್ಟ ವಾಸನೆ ಇತ್ತು. ತಲೆ ಹೊರಗೆ ತಂದು ಅವನ ಅಂಗಿಯನ್ನೇ ಮೂಸಿದೆ.

"ಮತ್ತೆ ಬೀಡಿ ಶುರು ಮಾಡಿದ್ದೀಯಾ?"

ಅವನು ಎರಡು ಹೆಜ್ಜೆ ಹಿಂದೆ ಸರಿದ. "ಇಲ್ಲ ಭಾವ" ಎಂದ. ಎಂದವನು ತನ್ನ ಅಂಗಿಯನ್ನು ತಾನೂ ಮೂಸಿ ನೋಡಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಮಧ್ಯಾಹ್ನ ಎಲ್ಲೋ ನೆರಳಲ್ಲಿ ಕೂತು ಬೀಡಿ ಸೇದುವುದಕ್ಕೆ, ಕೆಲಸ ತಪ್ಪಿಸುವುದಕ್ಕೆ ಈ ನಾಟಕ ಎಂದು ತೀರ್ಮಾನಿಸಿಬಿಟ್ಟೆ. ನಾಯಿ ಬಾಲ ಡೊಂಕೇ ಸರಿ.

ಆಮೇಲಿನ ವಾರ ಡಾಕ್ಟ್ರಮ್ಮ ಇಬ್ಬರನ್ನೂ ಮನೆಗೆ ಕರೆಸಿದರು. ಐವತ್ತೆಂಟರ ಹೆಂಗಸು, ಹೆಚ್ಚು ಮಾತಿಲ್ಲ, ಆದರೆ ಎದುರಿಗೆ ನಿಂತರೆ ಬಾಯಿ ತೆಗೆ ಎನ್ನುತ್ತಾರೇನೋ ಅನ್ನಿಸುವ ಹಾಗೆ ನೋಡುತ್ತಾರೆ. ಆಸ್ಪತ್ರೆಯಿಂದ ಬಂದ ಕಾರು ಅಂಗಳದಲ್ಲಿ ನಿಂತಿತ್ತು, ಎಂಜಿನ್ ಇನ್ನೂ ಬಿಸಿ.

"ನನ್ನೆದುರಿಗೇ ಸ್ಟಾರ್ಟ್ ಮಾಡು" ಎಂದರು ಅವನಿಗೆ.

ಅವನು ಕೂತ. ಬೆನ್ನು ನೆಟ್ಟಗೆ, ಕಾಲು ಹಿಂದಕ್ಕೆ, ಎಡಗೈ ಸ್ಟೀರಿಂಗ್ ಮೇಲೆ. ಕೀ ತಿರುಗಿಸಿದ. ಕಟಕ್. ಮತ್ತೆ ತಿರುಗಿಸಿದ. ಕಟಕ್.

"ಮೇಸ್ತ್ರಿ, ನೀವು ಕೂತ್ಕೊಳ್ಳಿ."

ನಾನು ಕೂತೆ. ಗುರ್.

"ಆರಿಸಿ. ನೀನು ಕೂತ್ಕೊ."

ಕಟಕ್.

ಮೂರು ಸುತ್ತು ಹೀಗೇ ಆಯಿತು. ಮೂರನೆಯ ಸಲ ಅವನ ಹಣೆಯ ಬೆವರು ಮೂಗಿನ ತುದಿಗೆ ಇಳಿದಿತ್ತು. ಅವನ ಮುಖ ನೋಡಿದರೆ ಅಪರಾಧಿಯ ಮುಖವೇ. ಈಗ ಯೋಚಿಸಿದರೆ, ಹಾಗೆ ನಿಲ್ಲಿಸಿ ನೋಡಿದರೆ ಯಾರ ಮುಖವಾದರೂ ಹಾಗೇ ಕಾಣುತ್ತದೆ.

ಡಾಕ್ಟ್ರಮ್ಮ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಮೇಸ್ತ್ರಿ, ಕ್ಲಚ್ ಹಾಕಿದ ದಿನ ನೀವೇ ಅಂದ್ರಿ, ‘ಈ ಗಾಡಿ ಮಾರೋದಾದ್ರೆ ಮೊದಲು ನನಗೇ ಹೇಳಿ’ ಅಂತ. ಆವತ್ತಿಂದ ಗಾಡಿ ನಿಲ್ತಾ ಇದೆ. ನಿಮ್ಮ ಭಾವಮೈದ ಕೂತ್ರೆ ನಿಲ್ಲುತ್ತೆ, ನೀವು ಕೂತ್ರೆ ಓಡುತ್ತೆ. ನಾನು ಏನಂದ್ಕೋಬೇಕು?"

ನನ್ನ ಕಿವಿಗೆ ಕಾದ ಸೀಸ ಹೊಯ್ದ ಹಾಗಾಯಿತು. ಮೂವತ್ತೈದು ವರ್ಷ ಸಂಪಾದಿಸಿದ ಹೆಸರು! ನಾನು, ನನ್ನಂಥವನು, ಒಂದು ಹಳೇ ಡಬ್ಬ ಅಗ್ಗಕ್ಕೆ ಸಿಗಲಿ ಎಂದು ಇಂಥ ಕೆಲಸ ಮಾಡುತ್ತೇನೆಯೇ?

"ಭಾವ, ಇನ್ನೊಂದ್ಸಲ ಗಾಡಿ ನೋಡಿ. ಏನೋ ಇದೆ ಒಳಗೆ" ಎಂದ ಅವನು. ಮೆಲ್ಲಗೆ, ಬೇಡಿಕೊಳ್ಳುವ ಹಾಗೆ.

"ಡಾಕ್ಟ್ರಮ್ಮ," ಎಂದೆ, "ಗಾಡೀಲಿ ಏನೂ ದೋಷ ಇಲ್ಲ. ನಾನು ಬರೆದು ಕೊಡ್ತೀನಿ."

ಅಷ್ಟೇ ನಾನು ಹೇಳಿದ್ದು. ಅವನ ಹೆಸರು ಎತ್ತಲಿಲ್ಲ, ಬೆರಳು ತೋರಿಸಲಿಲ್ಲ. ಗಾಡಿಯಲ್ಲಿ ದೋಷವಿಲ್ಲ ಎಂದ ಮೇಲೆ ಉಳಿಯುವುದು ಯಾರು ಎಂದು ಲೆಕ್ಕ ಹಾಕಲು ಹಲ್ಲಿನ ಡಾಕ್ಟರೇ ಬೇಕಿಲ್ಲ. ಡಾಕ್ಟ್ರಮ್ಮ ಅವನ ಮುಂದೆ ಅಂಗೈ ಚಾಚಿದರು. ಅವನು ಕೀಯನ್ನು ಅಂಗಿಯ ತುದಿಯಿಂದ ಒರೆಸಿ ಅದರ ಮೇಲಿಟ್ಟ. ಆರು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು.

ಮನೆಗೆ ಬಂದರೆ ಸುದ್ದಿ ನನಗಿಂತ ಮುಂಚೆ ಬಂದು ಕೂತಿತ್ತು.

"ರೀ, ಅವನು ಮಾಡಿಲ್ಲ" ಎಂದಳು ಹೆಂಡತಿ.

"ನಿನಗೆ ಹೇಗೆ ಗೊತ್ತು?"

"ನನಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ? ಎತ್ತಿ ಆಡ್ಸಿದವಳು ನಾನು. ಡೀಸೆಲ್ ವಿಷಯದಲ್ಲಿ ಇಡೀ ಊರು ಅವನನ್ನ ನಂಬಿದಾಗ ಅವನು ಸುಳ್ಳು ಹೇಳ್ತಿದ್ದಾನೆ ಅಂತ ಹಿಡಿದು ಕೊಟ್ಟವಳೂ ನಾನೇ. ಸುಳ್ಳು ಹೇಳೋವಾಗ ಅವನು ಜಾಸ್ತಿ ಮಾತಾಡ್ತಾನೆ. ಇವತ್ತು ಬಂದವನು ಒಂದು ಲೋಟ ನೀರು ಕುಡಿದು ಹೋದ, ಮಾತೇ ಇಲ್ಲ."

"ನ್ಯಾಯಾಧೀಶರು ತೀರ್ಪು ಕೊಟ್ಟಾಯ್ತು" ಎಂದೆ.

"ತನ್ನ ಎಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದ ಎಲೆ ನೊಣ ಎತ್ತೋಕೆ ಹೋಗ್ತೀರಲ್ಲ, ನೀವು!" ಎಂದು ಒಳಗೆ ಹೋದಳು. ಒಂದು ವಾರ ಅವಳು ತಟ್ಟೆ ಇಡುವ ಸದ್ದಿನಲ್ಲೇ ನನ್ನ ಜೊತೆ ಮಾತಾಡಿದಳು.

ಹೊಸ ಡ್ರೈವರ್ ಬರುವ ಮೊದಲು ಎಣ್ಣೆ ಬದಲಾಯಿಸಿ ಕೊಡಿ ಎಂದು ಡಾಕ್ಟ್ರಮ್ಮ ತಾವೇ ಕಾರು ತಂದು ಗ್ಯಾರೇಜಿನಲ್ಲಿ ಬಿಟ್ಟು ಹೋದರು. ಬೆಳಗಿನ ತಣ್ಣನೆ ಎಂಜಿನ್, ಚೋಕ್ ಎಳೆದು ಸ್ಟಾರ್ಟ್ ಮಾಡಿದ್ದರು, ಆದ್ದರಿಂದ ತೊಂದರೆಯಾಗಿರಲಿಲ್ಲ. ಎಣ್ಣೆ ಹಾಕಿ ಮುಗಿದ ಮೇಲೆ ಎಂಜಿನ್ ಒಮ್ಮೆ ತಿರುಗಿಸಬೇಕಿತ್ತು. ನನ್ನ ಪ್ಯಾಂಟೆಲ್ಲ ಎಣ್ಣೆ. ಸೀಟು ಕೊಳೆಯಾಗುತ್ತದೆ ಎಂದು ಒಳಗೆ ಕೂರಲಿಲ್ಲ. ಗೇರ್ ನ್ಯೂಟ್ರಲ್ಲಿನಲ್ಲಿದೆಯೇ ನೋಡಿ, ಕಿಟಕಿಯಿಂದ ಕೈ ಹಾಕಿ ಕೀ ತಿರುಗಿಸಿದೆ.

ಕಟಕ್.

ಗ್ಯಾರೇಜಿನಲ್ಲಿ ನಾನೊಬ್ಬನೇ ಇದ್ದೆ. ಆದರೂ ಯಾರಾದರೂ ನೋಡಿದರೇನೋ ಎಂದು ಹಿಂದೆ ತಿರುಗಿದೆ. ಮತ್ತೆ ತಿರುಗಿಸಿದೆ. ಕಟಕ್. ಸೀಟಿನ ಮೇಲೆ ಹಳೇ ಪೇಪರ್ ಹಾಸಿ ಕೂತೆ, ಗುರ್. ಇಳಿದು ಕಿಟಕಿಯಿಂದ ತಿರುಗಿಸಿದೆ, ಕಟಕ್.

ಒಳಗೆ ಕೂತಾಗ ಇದ್ದದ್ದು, ಹೊರಗೆ ನಿಂತಾಗ ಇಲ್ಲದ್ದು ಏನು? ನನ್ನ ಬಲಗಾಲು. ಕೀ ತಿರುಗಿಸುವಾಗ ಎಕ್ಸಿಲೇಟರನ್ನು ಕಾಲಂಗುಲ ಒತ್ತುವುದು ನನ್ನ ಹಳೇ ಚಾಳಿ. ಒತ್ತುತ್ತೇನೆ ಎಂಬುದೇ ನನಗೆ ಗೊತ್ತಾಗುವುದಿಲ್ಲ. ಅವನು ಒತ್ತುವುದಿಲ್ಲ. "ಬಿಸಿ ಎಂಜಿನ್‌ಗೆ ಸ್ಟಾರ್ಟ್ ಮಾಡುವಾಗ ಎಕ್ಸಿಲೇಟರ್ ಮುಟ್ಟಬೇಡ, ಪೆಟ್ರೋಲ್ ದಂಡ" ಎಂದು ಆರು ವರ್ಷದ ಹಿಂದೆ ಅವನಿಗೆ ಪಾಠ ಹೇಳಿದವನು ನಾನೇ. ಅವನು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದ.

ಬಾನೆಟ್ಟಿನೊಳಗೆ ಕೈ ಹಾಕಿ ಎಕ್ಸಿಲೇಟರ್ ಕೇಬಲ್ ಮುಟ್ಟಿದೆ. ಕೈ ಚುರ್ ಎಂದಿತು. ಅದರ ಮೇಲಿನ ಪ್ಲಾಸ್ಟಿಕ್ ಕರಗಿ ಅಂಟಂಟಾಗಿತ್ತು, ಸುಟ್ಟ ವಾಸನೆ ಅಲ್ಲಿಂದಲೇ. ಟಾರ್ಚ್ ಹಿಡಿದು ಕಾರಿನ ಕೆಳಗೆ ಅಂಗಾತ ಜಾರಿದೆ. ಗೇರ್‌ಬಾಕ್ಸಿನ ಹಿಂದೆ, ಬಾಡಿಗೂ ಎಂಜಿನ್ನಿಗೂ ನಡುವೆ ಇರಬೇಕಾದ ಅರ್ತ್ ಪಟ್ಟಿಯ ಒಂದು ತುದಿ ಗಾಳಿಯಲ್ಲಿ ಜೋತಾಡುತ್ತಿತ್ತು. ಬೋಲ್ಟ್ ಇರಲೇ ಇಲ್ಲ. ಸೆಲ್ಫ್ ಮೋಟಾರಿಗೆ ಹೋದ ಕರೆಂಟು ಬ್ಯಾಟರಿಗೆ ಹಿಂತಿರುಗಬೇಕಾದ ದಾರಿಯೇ ಆ ಪಟ್ಟಿ. ಅದು ಇಲ್ಲದೆ ಕರೆಂಟು ಪಾಪ ಸಿಕ್ಕಿದ ಕಡೆ ನುಗ್ಗಿತ್ತು: ಬೆಳಿಗ್ಗೆ ಚೋಕ್ ಎಳೆದರೆ ಚೋಕಿನ ತಂತಿಯಲ್ಲಿ, ನಾನು ಎಕ್ಸಿಲೇಟರ್ ಒತ್ತಿದರೆ ಎಕ್ಸಿಲೇಟರಿನ ತಂತಿಯಲ್ಲಿ. ತಂತಿ ಬಿಗಿಯಾದರೆ ದಾರಿ, ಸಡಿಲವಾದರೆ ಕಟಕ್. ಇನ್ನೊಂದು ವಾರ ಬಿಟ್ಟಿದ್ದರೆ ಆ ಕೇಬಲ್ ಒತ್ತಿದ ಜಾಗದಲ್ಲೇ ಹಿಡಿದುಕೊಂಡು, ರಸ್ತೆಯಲ್ಲಿ ಯಾರ ಪ್ರಾಣ ಹೋಗುತ್ತಿತ್ತೋ.

ಕ್ಲಚ್ ಹಾಕಲು ಆ ಪಟ್ಟಿ ಬಿಚ್ಚಿದವನು ನಾನು. ಮತ್ತೆ ಬಿಗಿಯದೆ ಮರೆತವನೂ ನಾನು. ಬಿಗಿ, ಸುಟ್ಟ ವಾಸನೆ, ಕಟಕ್ ಎಂದು ಅವನು ರೋಗದ ಲಕ್ಷಣವನ್ನೆಲ್ಲ ಒಂದೊಂದಾಗಿ ನನ್ನ ಬಾಯಿಗೆ ಇಟ್ಟಿದ್ದ. ಬೇರೆ ಯಾವ ಗಿರಾಕಿ ಇಷ್ಟು ಹೇಳಿದ್ದರೂ ಐದು ನಿಮಿಷದಲ್ಲಿ ಹಿಡಿಯುತ್ತಿದ್ದೆ. ಹೇಳಿದವನು ಅವನು ಅನ್ನುವ ಒಂದೇ ಕಾರಣಕ್ಕೆ ನನ್ನ ಕಿವಿ ಕೇಳಲಿಲ್ಲ.

ಬೋಲ್ಟ್ ಬಿಗಿದೆ. ಹೊಸ ಕೇಬಲ್ ಹಾಕಿದೆ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ. ಕಿಟಕಿಯಿಂದ ಕೈ ಹಾಕಿ ತಿರುಗಿಸಿದರೂ ಗುರ್ ಎಂದಿತು. ಡಾಕ್ಟ್ರಮ್ಮನಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡೆ. ಮಧ್ಯಾಹ್ನ ಅವರು ಬಂದರು, ಕೂತರು, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

"ನೋಡಿದ್ರಾ ಮೇಸ್ತ್ರಿ? ಅವನು ಹೋದ ಮೇಲೆ ಗಾಡಿಗೆ ರೋಗಾನೇ ಇಲ್ಲ. ನೀವು ಸರಿಯಾಗೇ ಹೇಳಿದ್ರಿ. ನಿಮ್ಮ ಮೇಲೂ ಅನುಮಾನ ಪಟ್ಟೆ, ತಪ್ಪು ತಿಳ್ಕೋಬೇಡಿ."

ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಬಂದ ಮಾತು, "ಅದಕ್ಕೇನಂತೆ ಬಿಡಿ ಡಾಕ್ಟ್ರಮ್ಮ."

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ನಾನು ಅದಕ್ಕಿಂತ ಕಡೆ. ಗಾಡಿಯನ್ನು ರಿಪೇರಿ ಮಾಡಿದ್ದೇ ಅವನ ಮೇಲಿನ ಕೊನೆಯ ಸಾಕ್ಷಿಯಾಯಿತು, ಆ ಸಾಕ್ಷಿಗೆ ನಾನೇ ಕೈಯಾರೆ ಬೋಲ್ಟ್ ಬಿಗಿದೆ. ನಾಚಿಕೆಯಾಯಿತು. ನಾಚಿಕೆಯಾಗಿಯೂ ನಾಲ್ಕು ದಿನ ಸುಮ್ಮನಿದ್ದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ, ಅವನಿಗೆ ಬೇರೆ ಕಡೆ ಕೆಲಸ ಕೊಡಿಸಿ ಆಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತಾ ತಿರುಗಿದೆ.

ಐದನೆಯ ದಿನ ಸಂಜೆ ಅವನು ನಮ್ಮ ಮನೆಗೆ ಬಂದ. ಗಡ್ಡ ಬಿಟ್ಟಿದ್ದ. ಕುರ್ಚಿ ಖಾಲಿಯಿದ್ದರೂ ಬಾಗಿಲ ಪಕ್ಕ ನೆಲದ ಮೇಲೆ ಕೂತ. ಹೆಂಡತಿ ಅವನ ಮುಂದೆ ಕಾಫಿ ಇಟ್ಟಳು, ಇಟ್ಟು ಒಳಗೆ ಹೋಗದೆ ನಿಂತಳು.

"ಭಾವ, ಗಾಡಿ ಈಗ ಚೆನ್ನಾಗಿ ಓಡ್ತಿದೆಯಂತೆ."

"ಹೂಂ."

"ಹೊಸಬ ಕೂತ್ರೂ ಸ್ಟಾರ್ಟ್ ಆಗುತ್ತಂತೆ." ಅವನು ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡ. "ಹಾಗಾದ್ರೆ ನಾನೇ ಏನೋ ಮಾಡ್ತಿದ್ದೆ ಅನ್ಸುತ್ತೆ ಭಾವ. ರಾತ್ರಿಯೆಲ್ಲ ಯೋಚನೆ ಮಾಡ್ತೀನಿ, ಕೈ ಹೇಗೆ ತಿರುಗಿಸ್ತಿದ್ದೆ, ಕಾಲು ಎಲ್ಲಿಡ್ತಿದ್ದೆ ಅಂತ. ಏನೂ ತಿಳಿಯಲ್ಲ. ನನಗೆ ಗೊತ್ತಿಲ್ದೆ ನಾನೇ ಮಾಡಿರ್ಬೇಕು."

ನಾನು ಹೆಂಡತಿಯ ಮುಖ ನೋಡಿದೆ. ಈಗ ಬೈಯುತ್ತಾಳೆ, ನನ್ನ ತಮ್ಮ ಮಾಡಿಲ್ಲ ಎನ್ನುತ್ತಾಳೆ ಎಂದು ಕಾದೆ. ಬೈಯಲಿ ಎಂದು ಆಸೆಪಟ್ಟೆ. ಅವಳು ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, "ನಾನು ಸುಮ್ಮನೆ ನಿಮ್ಮ ಮೇಲೆ ಹಾರಾಡಿದೆ ಕಣ್ರೀ. ಇನ್ನು ನಾನು ಇವನ ಪರ ಮಾತಾಡಲ್ಲ" ಎಂದಳು.

ಅವನು ತಲೆ ಎತ್ತಲಿಲ್ಲ. ಲೋಟದೊಳಗೆ ನೋಡುತ್ತಲೇ ಕೂತಿದ್ದ. ಈ ಸಲ ನಾವೆಲ್ಲ ತಪ್ಪಿತಸ್ಥ ಅಂದಾಗಲೂ ಅವನಿಗೆ ಒಬ್ಬ ಅಕ್ಕ ಉಳಿದಿದ್ದಳು. ಈಗ ಅವಳನ್ನೂ ನಾನು ಕಿತ್ತುಕೊಂಡಿದ್ದೆ, ಬಾಯಿ ಬಿಡದೆ, ಸುಮ್ಮನೆ ಕೂತಲ್ಲೇ.

"ಅರ್ತ್ ಪಟ್ಟಿ" ಎಂದೆ.

"ಏನು?"

"ಅರ್ತ್ ಪಟ್ಟಿ ಕಣೋ. ಕ್ಲಚ್ ಹಾಕಿದಾಗ ಬಿಚ್ಚಿದ್ದೆ, ಮತ್ತೆ ಬಿಗಿಯೋದು ಮರೆತೆ. ನಾನು ಎಕ್ಸಿಲೇಟರ್ ಒತ್ತೀನಿ, ಅದಕ್ಕೆ ನನಗೆ ಸ್ಟಾರ್ಟ್ ಆಗ್ತಿತ್ತು. ನೀನು ಒತ್ತಲ್ಲ. ಸುಟ್ಟ ವಾಸನೆ ಕೇಬಲ್‌ದು. ನೀನು ಹೇಳಿದ್ದೆಲ್ಲ ನಿಜ, ಒಂದೊಂದು ಮಾತೂ ನಿಜ. ನಾಲ್ಕು ದಿನದಿಂದ ನನಗೆ ಗೊತ್ತು."

ನಾನು ಹೆಂಡತಿಯ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಅವನು ಎದ್ದು ಬಂದು ನನ್ನ ಕಪಾಳಕ್ಕೆ ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ. ಅವನು ಲೋಟ ಕೆಳಗಿಟ್ಟು, ನಂಬದವನ ಹಾಗೆ ನನ್ನನ್ನೇ ಕೇಳಿದ:

"ಹಾಗಾದ್ರೆ ನಾನಲ್ಲ, ಅಲ್ವಾ ಭಾವ?"

"ನೀನಲ್ಲ."

"ನಿಜವಾಗ್ಲೂ?"

"ನೀನಲ್ಲ ಕಣೋ. ನಾನು."

ಅವನು ಹೆಗಲ ಮೇಲಿನ ಬಟ್ಟೆಯಿಂದ ಮುಖ ಮುಚ್ಚಿಕೊಂಡು ಅತ್ತ. ಅವನ ಅಕ್ಕ ಓಡಿ ಹೋಗಿ ಅವನ ತಲೆ ತಬ್ಬಿಕೊಂಡಳು, ಅವಳೂ ಅತ್ತಳು, "ನಾನೂ ನಂಬಲಿಲ್ವಲ್ಲೋ" ಎಂದು ಎದೆ ಬಡಿದುಕೊಂಡಳು. ನನ್ನನ್ನು ಯಾರೂ ಹತ್ತಿರ ಕರೆಯಲಿಲ್ಲ.

ಮರುದಿನ ಮಧ್ಯಾಹ್ನ ಅವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕ್ಲಿನಿಕ್ಕಿಗೆ ಹೋದೆ. ನಾಲ್ಕು ಜನ ಕೆನ್ನೆ ಹಿಡಿದುಕೊಂಡು ಕೂತಿದ್ದರು. ಡಾಕ್ಟ್ರಮ್ಮ ಒಳಗೆ ಬನ್ನಿ ಎಂದರು. ನಾನು ಬೇಡ ಎಂದು, ಅವರೆಲ್ಲರ ಮುಂದೆಯೇ ಪಟ್ಟಿ, ಬೋಲ್ಟ್, ಕೇಬಲ್ ಎಲ್ಲ ಹೇಳಿದೆ. ಕೆನ್ನೆನೋವಿನವರು ನೋವು ಮರೆತು ಕೇಳಿದರು.

"ಗೊತ್ತಾದ ದಿನವೇ ಯಾಕೆ ಹೇಳ್ಲಿಲ್ಲ?" ಎಂದರು ಡಾಕ್ಟ್ರಮ್ಮ.

"ಮರ್ಯಾದೆ ಹೋಗುತ್ತೆ ಅಂತ."

"ಯಾರದು?"

ಅವರು ಅವನ ಕಡೆ ತಿರುಗಿ, "ನಾನೂ ತಪ್ಪು ಮಾಡಿದೆ. ಹೊಸಬನಿಗೆ ಆಸ್ಪತ್ರೆ ವ್ಯಾನ್ ಕೊಡಿಸ್ತೀನಿ. ನೀನು ನಾಳೆಯಿಂದ ಅಲ್ಲ, ಈಗಿಂದಲೇ ಬಾ" ಎಂದು ಕೀ ಕೊಟ್ಟರು. ನನಗೆ ಮಾತ್ರ, "ಮೇಸ್ತ್ರಿ, ಇನ್ಮೇಲೆ ಗಾಡಿ ಬೇರೆ ಕಡೆ ತೋರಿಸ್ತೀನಿ" ಎಂದರು. ತಲೆಯಾಡಿಸಿದೆ. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು?

ಹೊರಗೆ ಮರದ ನೆರಳಿನಲ್ಲಿ ಕಾರು ನಿಂತಿತ್ತು. ಕ್ಲಿನಿಕ್ಕಿಗೆ ಔಷಧಿ ತರಲು ಅವನು ಹೋಗಬೇಕಿತ್ತು. ಅವನು ಬಾಗಿಲು ತೆಗೆದು ಕೂತ, ಕೀ ಹಾಕಿದ, ಹಾಗೇ ಉಳಿದ. ನಾನು ಕಿಟಕಿಯ ಪಕ್ಕ ಬಗ್ಗಿ ನಿಂತಿದ್ದೆ.

"ಏನಾಯ್ತೋ? ತಿರುಗಿಸು. ಈಗ ಸರಿಯಾಗಿದೆ."

"ಗೊತ್ತು ಭಾವ."

"ಮತ್ತೆ?"

ಅವನು ಮುಂದಿನ ಗಾಜನ್ನೇ ನೋಡುತ್ತಾ ಹೇಳಿದ: "ನೀವು ಸ್ವಲ್ಪ ಆ ಕಡೆ ತಿರುಗಿ ನಿಲ್ತೀರಾ? ನೀವು ನೋಡ್ತಿದ್ರೆ ನನಗೆ ಕೈ ಓಡಲ್ಲ."

ನಾನು ತಿರುಗಿ ಗೋಡೆಯ ಕಡೆ ಮುಖ ಮಾಡಿ ನಿಂತೆ. ಬೆನ್ನ ಹಿಂದೆ ಕಾರು ಸ್ಟಾರ್ಟ್ ಆಯಿತು, ಗೇರ್ ಬಿತ್ತು, ರಸ್ತೆಗೆ ಇಳಿದು ಹೊರಟುಹೋಯಿತು. ತಿರುಗಬಹುದು ಎಂದು ಅವನು ಹೇಳಿರಲಿಲ್ಲ, ನಾನು ಹಾಗೇ ನಿಂತಿದ್ದೆ.